ಬಿಎಫ್‌ಸಿ ಪ್ರೀಸೀಸನ್ ಸ್ಕ್ವಾಡ್ ಅಳೆಯೋದು ಹೇಗೆ: ಫಾರಿನರ್ಸ್ ಆಮೇಲೆ, ಮೊದಲು ಇಂಡಿಯನ್ ಪ್ಲೇಯರ್ಸ್ ಎಣಿಸಿ

ಪ್ರತಿ ಸೀಸನ್ ಮುಂಚೆ ನಮ್ಮ ಫುಟ್‌ಬಾಲ್ ಕ್ಲಬ್ ಬೆಂಗಳೂರು ಎಫ್‌ಸಿ (ಬಿಎಫ್‌ಸಿ) ಸುತ್ತ ಇದೇ ನಡೆಯತ್ತೆ. ಹೊಸ ಸ್ಪ್ಯಾನಿಷ್ ಪ್ಲೇಯರ್ ಒಬ್ಬ ನೀಲಿ ಜೆರ್ಸಿ ಹಿಡ್ಕೊಂಡು ನಿಂತಿರೋ ಫೋಟೋ ಬರತ್ತೆ, ಅವನ ಹಳೇ ಗೋಲ್‌ಗಳ ವಿಡಿಯೋ ಎಲ್ಲರ ಫೋನಲ್ಲೂ ಓಡತ್ತೆ, ಸಂಜೆ ಹೊತ್ತಿಗೆ ಅರ್ಧ ಜನ ಟ್ರೋಫಿ ಗೆದ್ದಾಯ್ತು ಅಂತಿರ್ತಾರೆ, ಇನ್ನರ್ಧ ಜನ ಇವನಿಗೆ 33 ವಯಸ್ಸು ಯಾಕೆ ತಗೊಂಡ್ರು ಅಂತ ಬೈತಿರ್ತಾರೆ. ಅದೇ ದಿನ ಒಬ್ಬ ಇಂಡಿಯನ್ ಲೆಫ್ಟ್ ಬ್ಯಾಕ್ (ಎಡಗಡೆ ಡಿಫೆಂಡರ್) ಕ್ಲಬ್ ಬಿಟ್ಟು ಹೋದ ಅನ್ನೋ ಎರಡು ಲೈನ್ ಸುದ್ದಿ ಬಂದಿರತ್ತೆ, ಅದನ್ನ ಯಾರೂ ಓದಿರಲ್ಲ. ನನ್ನ ಪ್ರಕಾರ ಸೀಸನ್ ಹೇಗಿರತ್ತೆ ಅನ್ನೋದು ಆ ಎರಡನೇ ಸುದ್ದಿಯಲ್ಲೇ ಇರೋದು. ಹಾಗಾಗಿ ಬೆಂಗಳೂರು ಎಫ್‌ಸಿ ಸ್ಕ್ವಾಡ್‌ನ ಪ್ರೀಸೀಸನ್‌ನಲ್ಲಿ, ಅಂದ್ರೆ ಲೀಗ್ ಶುರುವಾಗೋ ಮುಂಚಿನ ತಯಾರಿ ಹೊತ್ತಲ್ಲಿ, ಹೇಗೆ ನೋಡ್ಬೇಕು, ಯಾವ ಕ್ರಮದಲ್ಲಿ ನೋಡ್ಬೇಕು ಅಂತ ಇಲ್ಲಿ ಬರೀತಿದೀನಿ, ಹೊಸದಾಗಿ ಫಾಲೋ ಮಾಡೋಕೆ ಶುರು ಮಾಡಿರೋರಿಗೂ ಉಪಯೋಗ ಆಗಲಿ.

ಮೊದಲು ಲೆಕ್ಕ. 2021-22ರಿಂದ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್, ದೇಶದ ಟಾಪ್ ಫುಟ್‌ಬಾಲ್ ಲೀಗ್) ಒಂದು ಹೊತ್ತಿಗೆ ಫೀಲ್ಡ್ ಮೇಲೆ 4 ಫಾರಿನರ್ಸ್ ಮಾತ್ರ ಇರಬಹುದು, ಅದಕ್ಕಿಂತ ಮುಂಚೆ 5 ಜನ ಇದ್ರು. ಅಂದ್ರೆ 11 ಜನರಲ್ಲಿ ಕಮ್ಮಿ ಅಂದ್ರೂ 7 ಜನ ಇಂಡಿಯನ್ಸ್. ಈ ಒಂದು ಬದಲಾವಣೆ ಇಡೀ ಲೀಗ್‌ನ ತಿರುಗಿಸಿಬಿಡ್ತು, ಯಾಕಂದ್ರೆ ಒಳ್ಳೆ ಫಾರಿನರ್‌ನ ದುಡ್ಡಿದ್ರೆ ಯಾರು ಬೇಕಾದ್ರೂ ತರಬಹುದು, ಪ್ರಪಂಚ ತುಂಬಾ ಇದ್ದಾರೆ, ಆದ್ರೆ ಒಳ್ಳೆ ಇಂಡಿಯನ್ ಸೆಂಟರ್ ಬ್ಯಾಕ್ (ಗೋಲ್ ಮುಂದೆ ಮಧ್ಯದಲ್ಲಿ ನಿಲ್ಲೋ ಡಿಫೆಂಡರ್) ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು, ಆ ಬೆರಳೆಣಿಕೆ ಜನಕ್ಕೇ ಎಲ್ಲಾ ಕ್ಲಬ್‌ಗಳೂ ಕಿತ್ತಾಡ್ತಿರ್ತವೆ.

ಈಗ ಕೆಲಸ ಶುರು. ಒಂದು ಹಾಳೆ ತಗೊಳ್ಳಿ, ಫೋನಲ್ಲಾದ್ರೂ ಸರಿ ಆದ್ರೆ ಹಾಳೆ ಇನ್ನೂ ಒಳ್ಳೇದು. ಗೋಲ್‌ಕೀಪರ್‌ನಿಂದ ಸ್ಟ್ರೈಕರ್‌ವರೆಗೆ 11 ಪೊಸಿಷನ್ ಬರ್ಕೊಳ್ಳಿ, ಪ್ರತಿ ಪೊಸಿಷನ್ ಮುಂದೆ ಎರಡು ಜಾಗ ಬಿಡಿ, ಬರೀ ಇಂಡಿಯನ್ ಹೆಸರು ತುಂಬಿಸಿ. ಫಾರಿನರ್ಸ್‌ನ ಈಗ ಮುಟ್ಟಬೇಡಿ. ಒಬ್ಬನ ಹೆಸರು ಎರಡು ಕಡೆ ಬರೆಯೋಹಾಗಿಲ್ಲ, ಎಲ್ಲರೂ ಎಡವೋದು ಇಲ್ಲೇ. ನಮ್ಮ ಟೀಮಿನ ರೋಷನ್ ಲೆಫ್ಟ್ ಬ್ಯಾಕೂ ಆಡ್ತಾನೆ, ವಿಂಗೂ ಆಡ್ತಾನೆ, ರೈಟ್ ಬ್ಯಾಕೂ ಆಡ್ತಾನೆ ಅಂತ ಮೂರು ಕಡೆ ಬರೆದ್ರೆ ಸ್ಕ್ವಾಡ್ ತುಂಬಾ ದೊಡ್ಡದಾಗಿ ಕಾಣತ್ತೆ, ಆದ್ರೆ ಮ್ಯಾಚ್ ದಿನ ಅವನು ಒಂದೇ ಜಾಗದಲ್ಲಿ ಇರೋಕೆ ಸಾಧ್ಯ. ಎಲ್ಲಿ ಎರಡನೇ ಹೆಸರು ಸಿಗಲ್ವೋ ಅಲ್ಲಿ ರೌಂಡ್ ಹಾಕಿ. ಆ ರೌಂಡ್‌ಗಳೇ ನಿಮ್ಮ ಪ್ರೀಸೀಸನ್ ಓದು, ಮುಂದಿನ ಎರಡು ತಿಂಗಳು ನೀವು ಗಮನ ಇಡಬೇಕಾಗಿರೋದು ಅವುಗಳ ಮೇಲೆ.

2024ರ ಪ್ರೀಸೀಸನ್ ಸ್ಕ್ವಾಡ್‌ನ ಹೀಗೆ ಬರೆದು ನೋಡಿ, ಚೆನ್ನಾಗಿ ಅರ್ಥ ಆಗತ್ತೆ. ಗೋಲಲ್ಲಿ ಗುರ್‌ಪ್ರೀತ್, ಹಿಂದೆ ಲಾಲ್ತುವಮ್ಮಾವಿಯಾ ರಾಲ್ಟೆ. ಸೆಂಟರ್ ಬ್ಯಾಕ್‌ನಲ್ಲಿ ರಾಹುಲ್ ಭೇಕೆ ಮತ್ತೆ ಚಿಂಗ್ಲೆನ್ಸನಾ. ರೈಟ್ ಬ್ಯಾಕ್‌ಗೆ ನಿಖಿಲ್ ಪೂಜಾರಿ, ಜೊತೆಗೆ ನಾಮ್‌ಗ್ಯಾಲ್ ಭುಟಿಯಾ. ಎಡಗಡೆ ರೋಷನ್, ಪಂಜಾಬ್ ಎಫ್‌ಸಿಯಿಂದ ಬಂದ ಮೊಹಮ್ಮದ್ ಸಲಾಹ್. ಮಧ್ಯದಲ್ಲಿ ಸುರೇಶ್, ಫನಾಯ್, ವಿನಿತ್ ವೆಂಕಟೇಶ್. ಮುಂದೆ ಛೆಟ್ರಿ, ಶಿವಶಕ್ತಿ, ನರ್ಜಾರಿ. ಹಿಂದಿನ ಲೈನ್ ನೋಡಿ, ಎರಡೂ ಫುಲ್‌ಬ್ಯಾಕ್ (ಲೆಫ್ಟ್ ಬ್ಯಾಕ್, ರೈಟ್ ಬ್ಯಾಕ್) ಜಾಗಕ್ಕೆ ಎರಡೆರಡು ಇಂಡಿಯನ್ ಹೆಸರು, ಗೋಲ್‌ಗೂ ಎರಡು, ಸೆಂಟರ್ ಬ್ಯಾಕ್‌ನಲ್ಲಿ ಇಬ್ಬರೂ ಅನುಭವಸ್ಥರು. ಆ ಸೀಸನ್ ಮೊದಲ 5 ಐಎಸ್‌ಎಲ್ ಮ್ಯಾಚಲ್ಲಿ ನಾವು ಒಂದೂ ಗೋಲ್ ಬಿಟ್ಟುಕೊಡ್ಲಿಲ್ಲ, ಮೋಹನ್ ಬಗಾನ್‌ಗೆ ಕಂಠೀರವದಲ್ಲಿ 3-0 ಹೊಡೆದಿದ್ದೂ ಅದರಲ್ಲೇ ಬರತ್ತೆ. ಅವತ್ತು ಎಲ್ಲರೂ ಅಟ್ಯಾಕ್‌ನ ಹೊಗಳ್ತಿದ್ರು, ಹಾಳೆ ನೋಡ್ದೋರಿಗೆ ಡಿಫೆನ್ಸ್ ಬಗ್ಗೆ ಜುಲೈನಲ್ಲೇ ಧೈರ್ಯ ಇತ್ತು.

ಈಗ 2023ಕ್ಕೆ ಹೋಗಿ. 2022ರಲ್ಲಿ ಡುರಾಂಡ್ ಕಪ್ (ಲೀಗ್ ಮುಂಚೆ ನಡೆಯೋ ಟೂರ್ನಮೆಂಟ್) ಗೆದ್ದು, ಆ ಸೀಸನ್ ಐಎಸ್‌ಎಲ್ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಗಾನ್‌ಗೆ ಪೆನಾಲ್ಟಿಯಲ್ಲಿ ಸೋತ ಟೀಮ್ ಅದು. ಆ ಬೇಸಿಗೆಯಲ್ಲಿ ಸಂದೇಶ್ ಝಿಂಗನ್ ಗೋವಾಗೆ ಹೋದ, ಉದಾಂತಾ ಗೋವಾಗೆ ಹೋದ, ಪ್ರಬೀರ್ ದಾಸ್ ಕೇರಳಕ್ಕೆ ಹೋದ, ಫಿಜಿ ದೇಶದ ಸ್ಟ್ರೈಕರ್ ರಾಯ್ ಕೃಷ್ಣ ಒಡಿಶಾಗೆ. ಎಲ್ಲರೂ ರಾಯ್ ಕೃಷ್ಣ ಹೋಗಿದ್ದಕ್ಕೆ ತಲೆ ಕೆಡಿಸ್ಕೊಂಡ್ರು. ನಿಜವಾದ ಪೆಟ್ಟು ಬಿದ್ದಿದ್ದು ಉಳಿದ ಮೂರು ಹೆಸರಲ್ಲಿ, ಮೂರು ಬೇರೆ ಬೇರೆ ಇಂಡಿಯನ್ ಪೊಸಿಷನ್ ಒಂದೇ ಸಲ ಖಾಲಿ ಆಯ್ತು, ಅದನ್ನ ಫಾರಿನ್ ಸೆಂಟರ್ ಬ್ಯಾಕ್ಸ್ ತಂದು ಮುಚ್ಚೋಕೆ ಹೋದ್ರೆ ಮುಂದೆ ಫಾರಿನ್ ಕೋಟಾ ಕಮ್ಮಿ ಆಗತ್ತೆ, ಮುಂದೆ ಹಾಕಿದ್ರೆ ಹಿಂದೆ ಕಮ್ಮಿ ಆಗತ್ತೆ. ಆ ಸೀಸನ್ 12 ಟೀಮಲ್ಲಿ 10ನೇ ಜಾಗ, ಡಿಸೆಂಬರ್‌ನಲ್ಲಿ ಕೋಚ್ ಸೈಮನ್ ಗ್ರೇಸನ್ ಕೆಲಸ ಹೋಯ್ತು, ಅವರ ಜಾಗಕ್ಕೆ ಝರಗೋಝಾ ಬಂದ್ರು. ಕೋಚ್ ಮೇಲೆ ಎಲ್ಲಾ ಹಾಕೋದು ನನಗೆ ಅವತ್ತೂ ಒಪ್ಪಿಗೆ ಇರಲಿಲ್ಲ, ಇವತ್ತೂ ಇಲ್ಲ, ಹಾಳೆಯಲ್ಲಿ ಅಷ್ಟು ರೌಂಡ್ ಇಟ್ಕೊಂಡು ಯಾರು ಬಂದ್ರೂ ಒದ್ದಾಡ್ಬೇಕಿತ್ತು.

ಎರಡನೇ ಕೆಲಸ ಫ್ರೆಂಡ್ಲಿಗಳನ್ನ, ಅಂದ್ರೆ ಪಾಯಿಂಟ್ ಇಲ್ಲದ ಅಭ್ಯಾಸದ ಮ್ಯಾಚ್‌ಗಳನ್ನ, ನೋಡೋದು. ಇದರಲ್ಲಿ ಒಂದು ಕಷ್ಟ ಏನಂದ್ರೆ ಬಹಳಷ್ಟು ಮ್ಯಾಚ್ ಮುಚ್ಚಿದ ಗೇಟ್ ಹಿಂದೆ ನಡೆಯತ್ತೆ, ನಮಗೆ ಸಿಗೋದು ಸ್ಕೋರ್ ಮತ್ತೆ ನಾಲ್ಕು ಫೋಟೋ ಅಷ್ಟೇ. ಸ್ಕೋರ್‌ನ ಪಕ್ಕಕ್ಕಿಡಿ, 4-0 ಗೆದ್ರೂ ಇಡಿ 0-2 ಸೋತ್ರೂ ಇಡಿ. ಫೋಟೋ ನೋಡಿ. ಕ್ಯಾಪ್ಟನ್ ಬ್ಯಾಂಡ್ ಯಾರ ಕೈಯಲ್ಲಿದೆ, ಕಾರ್ನರ್ ಹತ್ರ ಬಾಲ್ ಇಡ್ತಿರೋನು ಯಾರು, ಗೋಲ್ ಹೊಡೆದ ಮೇಲೆ ಓಡಿ ಬಂದಿರೋ ಐದಾರು ಜನ ಯಾರು ಅಂತ ನೋಡಿದ್ರೆ ಯಾವ ಗುಂಪು ಒಟ್ಟಿಗೆ ಆಡ್ತು ಅಂತ ಗೊತ್ತಾಗತ್ತೆ. ಪ್ರೀಸೀಸನ್‌ನಲ್ಲಿ ಕೋಚ್ ಸಾಮಾನ್ಯವಾಗಿ ಎರಡು ಟೀಮ್ ಮಾಡಿ ಅರ್ಧರ್ಧ ಆಡಿಸ್ತಾರೆ, ಗುರ್‌ಪ್ರೀತ್ ಮತ್ತೆ ಭೇಕೆ ಜೊತೆಗೆ ಇರೋ ಗುಂಪಲ್ಲಿ ಹೊಸ ಹುಡುಗ ಕಾಣಿಸ್ಕೊಂಡ ಅಂದ್ರೆ ಅವನು ಕೋಚ್ ಲೆಕ್ಕದಲ್ಲಿದಾನೆ ಅಂತ ಅರ್ಥ.

ಮ್ಯಾಚ್ ಲೈವ್ ಸಿಕ್ಕಿದ್ರೆ ಬಾಲ್ ಹಿಂದೆ ಓಡಬೇಡಿ. ಒಬ್ಬ ಪ್ಲೇಯರ್‌ನ ಹಿಡ್ಕೊಳ್ಳಿ, ನಿಮ್ಮ ಹಾಳೆಯಲ್ಲಿ ರೌಂಡ್ ಇರೋ ಪೊಸಿಷನ್‌ನೋನು ಯಾರೋ ಅವನನ್ನೇ. ಸೆಂಟರ್ ಬ್ಯಾಕ್ ಆದ್ರೆ ಹೀಗೆ ನೋಡಿ: ಗೋಲ್‌ಕೀಪರ್ ಅವನಿಗೆ ಬಾಲ್ ಕೊಡ್ತಾನೆ, ಎದುರಾಳಿ ಸ್ಟ್ರೈಕರ್ ಹತ್ರ ಬರ್ತಿದಾನೆ, ಆಗ ಅವನು ಮೊದಲ ಟಚ್‌ನಲ್ಲಿ ಮೈ ತಿರುಗಿಸಿ ಇಡೀ ಫೀಲ್ಡ್ ಕಡೆ ಮುಖ ಮಾಡ್ತಾನಾ, ಇಲ್ಲ ಬೆನ್ನು ಹಾಕಿಯೇ ವಾಪಸ್ ಕೀಪರ್‌ಗೆ ಕೊಡ್ತಾನಾ? ಮೈ ತಿರುಗಿಸೋನಿದ್ರೆ ಟೀಮ್ ಹಿಂದಿನಿಂದ ಆಡತ್ತೆ, ವಾಪಸ್ ಕೊಡೋನಿದ್ರೆ ಕೀಪರ್ ಉದ್ದಕ್ಕೆ ಒದೀತಾನೆ, ಬಾಲ್ ಅಲ್ಲಿಂದ ತಕ್ಷಣ ವಾಪಸ್ ಬರತ್ತೆ, 70ನೇ ನಿಮಿಷದ ಹೊತ್ತಿಗೆ ಮಿಡ್‌ಫೀಲ್ಡ್ ಸುಸ್ತಾಗಿರತ್ತೆ. ಫುಲ್‌ಬ್ಯಾಕ್ ಆದ್ರೆ ಅವನು ಮೇಲೆ ಓಡೋದನ್ನ ನೋಡಬೇಡಿ, ಎಲ್ಲರೂ ಓಡ್ತಾರೆ. ಮೇಲೆ ಹೋಗಿದ್ದಾಗ ಬಾಲ್ ಕಳ್ಕೊಂಡ್ರೆ ಅವನು ವಾಪಸ್ ತಿರುಗೋಕೆ ಎಷ್ಟು ಹೊತ್ತು ತಗೋತಾನೆ, ಕೈ ಮೇಲೆತ್ತಿ ರೆಫರಿ ಹತ್ರ ಫೌಲ್ ಕೇಳ್ತಾ ನಿಲ್ತಾನಾ ಇಲ್ಲ ತಲೆ ತಗ್ಗಿಸಿ ಓಡ್ತಾನಾ. ಫ್ರೆಂಡ್ಲಿಯಲ್ಲಿ ವಾಪಸ್ ಓಡೋನು ಲೀಗಲ್ಲಿ ಖಂಡಿತ ಓಡ್ತಾನೆ.

ಕಂಠೀರವದಲ್ಲಿ ನೋಡೋದಾದ್ರೆ ಸುತ್ತ ರನ್ನಿಂಗ್ ಟ್ರ್ಯಾಕ್ ಇರೋದ್ರಿಂದ ಫೀಲ್ಡ್ ದೂರ, ಕೆಳಗಿನ ಸಾಲಲ್ಲಿ ಕೂತ್ರೆ ಲೈನ್‌ಗಳ ಮಧ್ಯೆ ಇರೋ ಗ್ಯಾಪ್ ಏನೂ ಕಾಣಲ್ಲ, ಮೇಲಿನ ಸಾಲಿಗೆ ಹೋಗಿ. ನಮ್ಮ ಫ್ಯಾನ್ ಗ್ರೂಪ್ ವೆಸ್ಟ್ ಬ್ಲಾಕ್ ಬ್ಲೂಸ್ ಜೊತೆ ನಿಂತು ಹಾಡೋ ದಿನ ಬೇರೆ, ಸ್ಕ್ವಾಡ್ ಓದೋ ದಿನ ಬೇರೆ.

ಡುರಾಂಡ್ ಕಪ್ ವಿಷಯ ಸ್ವಲ್ಪ ವಿವರವಾಗಿ ಹೇಳ್ಬೇಕು. ಅದು ಪೂರ್ತಿ ಫ್ರೆಂಡ್ಲಿನೂ ಅಲ್ಲ, ಪೂರ್ತಿ ಸೀಸನ್ನೂ ಅಲ್ಲ, ಆದ್ರೆ ಸ್ಕ್ವಾಡ್ ಓದೋಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಕ್ಲಬ್ ಯಾವ ಟೀಮ್ ಕಳಿಸ್ತು ಅನ್ನೋದನ್ನ ಮೊದಲು ನೋಡಿ. 2023ರಲ್ಲಿ ನಾವು ಕಳಿಸಿದ್ದು ಹೆಚ್ಚುಕಮ್ಮಿ ಹುಡುಗರ ಟೀಮ್, ಗ್ರೂಪ್ ಹಂತದಲ್ಲೇ ಹೊರಗೆ ಬಂದ್ವಿ, ಅದರಿಂದ ಮೇನ್ ಟೀಮ್ ಬಗ್ಗೆ ಏನೂ ತಿಳ್ಕೊಳ್ಳೋಕೆ ಆಗಲಿಲ್ಲ. 2024ರಲ್ಲಿ ಫುಲ್ ಟೀಮ್ ಹೋಯ್ತು, ಗ್ರೂಪಲ್ಲಿ ಎಲ್ಲಾ ಗೆದ್ದು, ಕ್ವಾರ್ಟರ್‌ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ಮೇಲೆ ಕೊನೇ ಗಳಿಗೆಯಲ್ಲಿ ನಮ್ಮ ಫಾರಿನ್ ಸ್ಟ್ರೈಕರ್ ಪೆರೇರಾ ಡಿಯಾಜ್ ಗೋಲ್ ಹೊಡೆದು ಗೆಲ್ಲಿಸಿದ, ಸೆಮಿಯಲ್ಲಿ ಸಾಲ್ಟ್ ಲೇಕ್‌ನಲ್ಲಿ ಮೋಹನ್ ಬಗಾನ್ ಮೇಲೆ 2-0 ಇದ್ದು 2-2 ಆಗಿ ಪೆನಾಲ್ಟಿಯಲ್ಲಿ ಸೋತ್ವಿ. ಆ ಸೋಲಿಗೆ ಎಲ್ಲರೂ ಬೇಜಾರಾಗಿದ್ರು. ನಾನು ಆ ಮ್ಯಾಚಿಂದ ಹಿಡ್ಕೊಂಡಿದ್ದು ಬೇರೆ, ಆ ಎರಡನೇ ಗೋಲ್ ಹೊಡೆದಿದ್ದು ವಿನಿತ್ ವೆಂಕಟೇಶ್, ನಮ್ಮ ಬೆಂಗಳೂರಿನ ಹುಡುಗ, ಅಕಾಡೆಮಿಯಿಂದ ಬಂದವನು. 60 ಸಾವಿರ ಸೀಟಿನ ಮೇಲಿರೋ ಸ್ಟೇಡಿಯಂನಲ್ಲಿ, ಎದುರು ಟೀಮಿನ ಊರಲ್ಲಿ, ಸೆಮಿಫೈನಲ್‌ನಲ್ಲಿ ಕೋಚ್ ಅವನನ್ನ ಆಡಿಸಿದ್ರು ಅಂದ್ರೆ ಅದು ಟ್ರೈ ಮಾಡಿ ನೋಡೋಣ ಅನ್ನೋ ಲೆಕ್ಕ ಅಲ್ಲ. ಮೂರು ವಾರ ಆಗಲಿಲ್ಲ, ಸೆಪ್ಟೆಂಬರ್ 14ಕ್ಕೆ ಐಎಸ್‌ಎಲ್ ಮೊದಲ ಮ್ಯಾಚ್, ಈಸ್ಟ್ ಬೆಂಗಾಲ್ ಮೇಲೆ 1-0, ಗೋಲ್ ಮತ್ತೆ ಅವನದೇ.

ಶಿವಶಕ್ತಿ ಕಥೇನೂ ಇದೇ ದಾರಿ. 2022ರಲ್ಲಿ ಹುಡುಗರ ರಿಲಯನ್ಸ್ ಡೆವಲಪ್‌ಮೆಂಟ್ ಲೀಗಲ್ಲಿ ಗೋಲ್ ಮೇಲೆ ಗೋಲ್, ಆಮೇಲೆ ಡುರಾಂಡ್ ಫೈನಲ್‌ನಲ್ಲಿ ಮುಂಬೈ ಸಿಟಿ ಮೇಲೆ ಮೊದಲ ಗೋಲ್, ಆಮೇಲೆ ಐಎಸ್‌ಎಲ್‌ನಲ್ಲಿ ರೆಗ್ಯುಲರ್. ಹಾಗಾಗಿ ಡುರಾಂಡ್ ನೋಡುವಾಗ ಫಾರಿನರ್ ಎಷ್ಟು ಗೋಲ್ ಹೊಡೆದ ಅಂತ ಬರೆಯೋದಕ್ಕಿಂತ 21ರ ಕೆಳಗಿನ ಹುಡುಗರಿಗೆ ಎಷ್ಟು ನಿಮಿಷ ಸಿಕ್ತು, ಯಾವ ನಿಮಿಷ ಸಿಕ್ತು ಅಂತ ಬರ್ಕೊಳ್ಳಿ. 3-0 ಇರುವಾಗ 85ನೇ ನಿಮಿಷದಲ್ಲಿ ಇಳಿಸಿದ್ರೆ ಅದನ್ನ ಲೆಕ್ಕಕ್ಕೆ ತಗೋಬೇಡಿ, 0-0 ಇರುವಾಗ 60ನೇ ನಿಮಿಷಕ್ಕೆ ಇಳಿಸಿದ್ರೆ ಹೆಸರಿಗೆ ಅಂಡರ್‌ಲೈನ್ ಮಾಡಿ.

ಅಕಾಡೆಮಿ ಕಡೆ ಒಂದು ಕಣ್ಣಿಡೋದು ಕಷ್ಟ ಏನಲ್ಲ. ಕ್ಲಬ್‌ದು ರೆಸಿಡೆನ್ಷಿಯಲ್ ಅಕಾಡೆಮಿ ಬಳ್ಳಾರಿ ಜಿಲ್ಲೆ ತೋರಣಗಲ್ಲು ಹತ್ರ, ಜೆಎಸ್‌ಡಬ್ಲ್ಯೂ ಇನ್ಸ್‌ಪೈರ್ ಇನ್‌ಸ್ಟಿಟ್ಯೂಟ್ ಜಾಗದಲ್ಲೇ ಇದೆ. ಬಿ ಟೀಮ್ ಹುಡುಗರು ಬೆಂಗಳೂರು ಸೂಪರ್ ಡಿವಿಷನ್ ಆಡೋದನ್ನ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂಗೆ ಹೋದ್ರೆ ಹತ್ತಿರದಿಂದ ನೋಡಬಹುದು, ಅಲ್ಲಿ ಕೋಚ್ ಕೂಗೋದು ಕೂಡ ಕೇಳಿಸತ್ತೆ. ಡೆವಲಪ್‌ಮೆಂಟ್ ಲೀಗ್‌ನ ಮೊದಲ ಎರಡು ಸಲ, 2022 ಮತ್ತೆ 2023, ಗೆದ್ದಿದ್ದು ನಮ್ಮ ಹುಡುಗರೇ. 2023ರ ಮಾರ್ಚ್‌ನಲ್ಲಿ ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯ ಮೇಲೆ 3-2 ಗೆದ್ದು 54 ವರ್ಷ ಆದ್ಮೇಲೆ ಸಂತೋಷ್ ಟ್ರೋಫಿ (ರಾಜ್ಯ ತಂಡಗಳ ಟೂರ್ನಮೆಂಟ್) ತಂತು. ಇಷ್ಟೆಲ್ಲಾ ಇರುವಾಗ ಮ್ಯಾಚ್‌ಡೇ 20 ಜನರಲ್ಲಿ ಕರ್ನಾಟಕದ ಹುಡುಗರು ಇಬ್ಬರಾದ್ರೂ ಇರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಊರಭಿಮಾನಕ್ಕೆ ಹೇಳ್ತಿಲ್ಲ, ನಮ್ಮಲ್ಲೇ ಬೆಳೆದವನು ಟ್ರಾನ್ಸ್‌ಫರ್ ಫೀ ಇಲ್ಲದೆ ಸಿಗ್ತಾನೆ, ಕ್ಲಬ್ ಆಡೋ ರೀತಿ ಅವನಿಗೆ ಮೊದಲೇ ಗೊತ್ತಿರತ್ತೆ, ಬೇರೆ ಕ್ಲಬ್ ಹತ್ರ ಚೌಕಾಸಿ ಮಾಡೋ ಅಗತ್ಯ ಇರಲ್ಲ.

ಇನ್ನು ಛೆಟ್ರಿ. ಇದನ್ನ ಹೇಳದೆ ಬಿಎಫ್‌ಸಿ ಸ್ಕ್ವಾಡ್ ಬಗ್ಗೆ ಮಾತಾಡೋಕೆ ಆಗಲ್ಲ. 2024-25ರಲ್ಲಿ 40 ವಯಸ್ಸಲ್ಲಿ 14 ಗೋಲ್, ಕೇರಳ ಮೇಲೆ ಹ್ಯಾಟ್ರಿಕ್, ಗೋವಾ ಸೆಮಿಯಲ್ಲಿ ಇಂಜುರಿ ಟೈಮಲ್ಲಿ ನಾಮ್‌ಗ್ಯಾಲ್ ಕ್ರಾಸ್‌ಗೆ ತಲೆ ಕೊಟ್ಟು ನಮ್ಮನ್ನ ಫೈನಲ್‌ಗೆ ತಗೊಂಡು ಹೋದ. ಆ ಹೆಡರ್‌ನ ನಾನು ಸಾಯೋವರೆಗೂ ಮರೆಯಲ್ಲ. ಆದ್ರೆ ಸ್ಕ್ವಾಡ್ ಓದುವಾಗ ಇದನ್ನ ಕೇಳಲೇಬೇಕು: ಛೆಟ್ರಿ ಬಿಟ್ರೆ ಗೋಲ್ ಹೊಡೆಯೋ ಇಂಡಿಯನ್ ಯಾರು? ಐಎಸ್‌ಎಲ್‌ನಲ್ಲಿ ಹೆಚ್ಚುಕಮ್ಮಿ ಎಲ್ಲಾ ಕ್ಲಬ್ ನಂಬರ್ 9 (ಮೇನ್ ಸ್ಟ್ರೈಕರ್) ಜಾಗಕ್ಕೆ ಫಾರಿನರ್ ಹಾಕ್ತವೆ, ಇಂಡಿಯನ್ ಸ್ಟ್ರೈಕರ್ ಸಿಕ್ರೂ ಅವನನ್ನ ವಿಂಗಿಗೆ ತಳ್ತವೆ. ಶಿವಶಕ್ತಿಗೂ ಹಾಗೇ ಆಗಿದೆ, ಅವನ ತಾಕತ್ತು ಇರೋದು ಡಿಫೆಂಡರ್ ಬೆನ್ನ ಹಿಂದೆ ನುಗ್ಗೋದ್ರಲ್ಲಿ, ಲೈನ್ ಹತ್ರ ನಿಲ್ಲಿಸಿದ್ರೆ ಅರ್ಧ ಪ್ಲೇಯರ್ ಆಗ್ತಾನೆ. ಪ್ರೀಸೀಸನ್ ಇರೋದೇ ಇಂಥದ್ದಕ್ಕೆ, ಎರಡು ಫ್ರೆಂಡ್ಲಿ ಪೂರ್ತಿ 90 ನಿಮಿಷ ಅವನನ್ನ ಮಧ್ಯದಲ್ಲಿ ಆಡಿಸಲಿ, ಛೆಟ್ರಿ ಕೂತು ನೋಡಲಿ. ಯಾವ ಪ್ರೀಸೀಸನ್‌ನಲ್ಲಿ ಹೀಗೆ ಆಡಿಸ್ತಾರೋ ಆ ವರ್ಷ ನಾನು ಕ್ಲಬ್‌ನ ಪೂರ್ತಿ ನಂಬ್ತೀನಿ.

ಈಗ ಫಾರಿನರ್ಸ್. ಹಾಳೆ ತೆಗೀರಿ, ರೌಂಡ್ ಇರೋ ಕಡೆ ಮಾತ್ರ ಅವರ ಹೆಸರು ತುಂಬಿಸಿ. ಫಾರಿನರ್ ಬಂದ ಮೇಲೂ ರೌಂಡ್ ಹಾಗೇ ಉಳಿದಿದ್ರೆ, ಮೊದಲೇ ಇಬ್ಬರು ಇಂಡಿಯನ್ಸ್ ಇರೋ ಜಾಗಕ್ಕೆ ಮತ್ತೊಬ್ಬ ಫಾರಿನರ್ ಬಂದಿದ್ರೆ, ಆ ಸೈನಿಂಗ್ ಎಷ್ಟೇ ದೊಡ್ಡ ಹೆಸರಾಗಿರಲಿ ನಾನು ಖುಷಿ ಪಡಲ್ಲ. ಆಮೇಲೆ ಎರಡು ವಿಷಯ ಹುಡುಕಿ. ಕಳೆದ ಸೀಸನ್ ಎಷ್ಟು ನಿಮಿಷ ಆಡಿದ, ಇಂಡಿಯಾದಲ್ಲಿ ಮುಂಚೆ ಆಡಿದಾನಾ. ನೊಗುಯೇರಾ, ಪೆರೇರಾ ಡಿಯಾಜ್ ಇಬ್ಬರೂ 2024ರಲ್ಲಿ ಮುಂಬೈ ಸಿಟಿಯಿಂದ ಬಂದ್ರು, ಇಲ್ಲಿನ ಸೆಕೆ, ಟ್ರಾವೆಲ್, ರೆಫರಿ ಎಲ್ಲಾ ಗೊತ್ತಿದ್ದೋರು, ಜೊತೆಗೆ ಅಲ್ಲಿ ಕ್ಯಾಪ್ಟನ್ ಆಗಿದ್ದ ಭೇಕೆನೂ ವಾಪಸ್ ಬಂದ, ಹಾಗಾಗಿ ಮೂರು ಜನಕ್ಕೆ ಒಬ್ಬರ ಆಟ ಒಬ್ಬರಿಗೆ ಮೊದಲೇ ಗೊತ್ತಿತ್ತು. ಆ ಸೀಸನ್ ಪ್ಲೇಆಫ್‌ನಲ್ಲಿ ಅದೇ ಮುಂಬೈಗೆ 5-0 ಬಿತ್ತು. ಹೊಸಬರಿಗೆ ಇಲ್ಲಿ ಹೊಂದಿಕೊಳ್ಳೋಕೆ ಎರಡು ಮೂರು ತಿಂಗಳಾದ್ರೂ ಬೇಕು, ಅವರ ಬಗ್ಗೆ ಪ್ರೀಸೀಸನ್‌ನಲ್ಲಿ ತೀರ್ಪು ಕೊಡಬೇಡಿ, ಒಳ್ಳೇದೂ ಬೇಡ ಕೆಟ್ಟದ್ದೂ ಬೇಡ.

ರಯಾನ್ ವಿಲಿಯಮ್ಸ್ ವಿಷಯ ನೋಡಿದ್ರೆ ಇಂಡಿಯನ್ ಸ್ಲಾಟ್‌ಗೆ ಎಷ್ಟು ಬೆಲೆ ಅಂತ ಗೊತ್ತಾಗತ್ತೆ. 2023ರಲ್ಲಿ ಆಸ್ಟ್ರೇಲಿಯನ್ ಆಗಿ ಬಂದ, 2025ರಲ್ಲಿ ಆಸ್ಟ್ರೇಲಿಯಾ ಪೌರತ್ವ ಬಿಟ್ಟು ಇಂಡಿಯಾ ಪಾಸ್‌ಪೋರ್ಟ್ ತಗೊಂಡ, ಅವನ ತಾಯಿ ಕಡೆಯೋರು ಇಲ್ಲಿನವರೇ. ಅದೇ ಪ್ಲೇಯರ್, ಅದೇ ಓಟ, ಆದ್ರೆ ಹಾಳೆಯಲ್ಲಿ ಫಾರಿನ್ ಕಾಲಮ್‌ನಿಂದ ಇಂಡಿಯನ್ ಕಾಲಮ್‌ಗೆ ಬಂದ ತಕ್ಷಣ ಟೀಮ್‌ಗೆ ಒಂದು ಪೂರ್ತಿ ಫಾರಿನ್ ಜಾಗ ಖಾಲಿ ಸಿಕ್ತು. ಇಂಥ ಲಾಭ ಯಾವ ಟ್ರಾನ್ಸ್‌ಫರ್‌ನಿಂದಲೂ ಬರಲ್ಲ.

ಕ್ಯಾಲೆಂಡರ್ ಮರೀಬೇಡಿ. ನ್ಯಾಷನಲ್ ಟೀಮ್ ಕ್ಯಾಂಪ್ ಯಾವಾಗ, ಯಾರು ಹೋಗ್ತಾರೆ ಅಂತ ಪಕ್ಕದಲ್ಲಿ ಬರ್ಕೊಳ್ಳಿ. 2023ರಲ್ಲಿ ಸೀಸನ್ ಶುರುವಾಗೋ ಹೊತ್ತಿಗೇ ಹಾಂಗ್‌ಝೌ ಏಷ್ಯನ್ ಗೇಮ್ಸ್ ಬಂತು, ಛೆಟ್ರಿ ಅಲ್ಲಿದ್ದ, ನಾವು ಅವನಿಲ್ಲದೆ ಕೊಚ್ಚಿಯಲ್ಲಿ ಮೊದಲ ಮ್ಯಾಚ್ ಸೋತ್ವಿ. ಪ್ರೀಸೀಸನ್ ಅಂದ್ರೆ ಜುಲೈ ಆಗಸ್ಟ್ ಅಂತಲೂ ಅಂದ್ಕೋಬೇಡಿ, 2025ರ ಜುಲೈನಲ್ಲಿ ಫುಟ್‌ಬಾಲ್ ಫೆಡರೇಷನ್ ಮತ್ತೆ ಆಗ ಲೀಗ್ ನಡೆಸ್ತಿದ್ದ ಕಂಪನಿ ಎಫ್‌ಎಸ್‌ಡಿಎಲ್ ಮಧ್ಯದ ಒಪ್ಪಂದ ಮುಂದುವರೆಯೋದು ಗ್ಯಾರಂಟಿ ಇಲ್ದೆ ಲೀಗೇ ಹೋಲ್ಡ್ ಆಯ್ತು, ಆಗಸ್ಟ್‌ನಲ್ಲಿ ನಮ್ಮ ಕ್ಲಬ್ ಸಂಬಳ ನಿಲ್ಲಿಸೋ ಹಂತಕ್ಕೆ ಬಂತು. ಅಂಥ ವರ್ಷದಲ್ಲಿ ಯಾರ ಕಾಂಟ್ರಾಕ್ಟ್ ಯಾವಾಗ ಮುಗಿಯತ್ತೆ ಅನ್ನೋದು ಫಾರ್ಮ್‌ಗಿಂತ ದೊಡ್ಡ ವಿಷಯ, ಹೆಸರಿನ ಪಕ್ಕ ಆ ವರ್ಷಾನೂ ಬರೆದಿಡಿ.

ಲೀಗ್ ಮೊದಲ ಮ್ಯಾಚ್‌ನ ಲೈನಪ್ ಬಂದಾಗ ಆಡೋ 11 ಜನಕ್ಕಿಂತ ಬೆಂಚಲ್ಲಿರೋ 9 ಜನರನ್ನ ಮೊದಲು ನೋಡಿ. ಸಬ್ಸ್ ಐದು ಇರತ್ತೆ, ಮ್ಯಾಚ್ ಕೊನೇ ಅರ್ಧ ಗಂಟೆ ಬೆಂಚಿನ ಕೈಲಿರತ್ತೆ. ಅಲ್ಲಿ ಒಬ್ಬ ಇಂಡಿಯನ್ ಸೆಂಟರ್ ಬ್ಯಾಕ್, ಒಬ್ಬ ಫುಲ್‌ಬ್ಯಾಕ್, ಗೋಲ್ ಹೊಡೆಯಬಲ್ಲ ಇಬ್ಬರು ಇಂಡಿಯನ್ಸ್ ಇದ್ರೆ ಆ ಸೀಸನ್ ನಾವು ಪ್ಲೇಆಫ್‌ನಲ್ಲಿ ಇರ್ತೀವಿ ಅಂತ ನಾನು ಹೇಳ್ತೀನಿ. ಮಿಡ್‌ಫೀಲ್ಡರ್ಸೇ ತುಂಬಿದ್ರೆ ಜನವರಿ ಟ್ರಾನ್ಸ್‌ಫರ್ ವಿಂಡೋಗೆ ಈಗಿಂದಲೇ ಕಾಯೋಕೆ ಶುರು ಮಾಡಿ, ಹಾಳೆ ಎಸೀಬೇಡಿ, ಅದೇ ರೌಂಡ್‌ಗಳಿಗೆ ಆಗ ಯಾರು ಬರ್ತಾರೆ ಅಂತ ನೋಡ್ಬೇಕಲ್ಲ.